ಬಂದೇಅಲಿಯ ಕಿವಿ

ಹೊಟ್ಟೆಕಿಚ್ಚಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ. ಶಹಾಬಾದದ ಗೌಂಡಿ ಚಂದ್ರಾಮ ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದ, ಮುಂಬೈಯಲ್ಲಿ ವಿಮಾನ ಹತ್ತಿದ, ಮಿಲಾನಿನಲ್ಲಿ ಇಳಿದ. ಅವನ ಬೆಲ್ಟು, ಬೂಟು, ಸುಣ್ಣದ ಡಬ್ಬಿ ಎಲ್ಲವನ್ನೂ ಬಿಚ್ಚಿಸಿ ನೋಡಿದ ಅಧಿಕಾರಿಗಳು ಅದೊಂದನ್ನು ಮಾತ್ರ ಕೇಳಲಿಲ್ಲ. ಈಗ ಉತ್ತರ ಇಟಲಿಯ ಬೆರ್ಗಾಮೊ ಎಂಬ ಊರಿನಲ್ಲಿ, ಗುಡ್ಡದ ಮೇಲಿನ ಹಳೆಯ ಪೇಟೆಗೆ ಹಗ್ಗ ಜಗ್ಗಿ ಏರಿಸುವ ಪುಟ್ಟ ರೈಲಿನಲ್ಲಿ ಕುಳಿತಾಗಲೂ ಅದು ಜೊತೆಗೇ ಇತ್ತು. ಕಿಟಕಿಯ ಸೀಟು ಬಂದೇಅಲಿಗೆ ಸಿಕ್ಕಿತ್ತು.

‘ಕೂಡ್ರೋದ್ರಾಗೂ ಇವನದೇ ನಸೀಬು’ ಎಂದುಕೊಂಡ ಚಂದ್ರಾಮ. ರೈಲು ಏರುತ್ತಿದ್ದಂತೆ ಕೆಳಗಿನ ಹೊಸ ಊರು ಸಣ್ಣದಾಯಿತು, ಮೇಲೆ ಕೋಟೆಯ ಗೋಡೆ, ಗುಮ್ಮಟ, ಗೋಪುರಗಳು ಒಂದೊಂದಾಗಿ ತಲೆ ಎತ್ತಿದವು. ಚಂದ್ರಾಮನಿಗೆ ಕಂಡದ್ದು ಬಂದೇಅಲಿಯ ಟೋಪಿ, ಅದರ ಆಚೆ ಒಂದಿಷ್ಟು ಆಕಾಶ.

ಇವರಿಬ್ಬರೂ ಮೂವತ್ತೊಂದು ವರ್ಷದಿಂದ ಜೋಡಿ. ಕೆಲಸ ಫರಸಿ ಹಾಸುವುದು, ಅಂದರೆ ನೆಲಕ್ಕೆ ಶಹಾಬಾದಿ ಕಲ್ಲಿನ ಚಪ್ಪಡಿ ಕೂಡಿಸುವುದು. ಖಣಿಯಿಂದ ಬರುವ ಚಪ್ಪಡಿಗಳಲ್ಲಿ ಕೆಲವಕ್ಕೆ ಒಳಗೊಳಗೇ ಕೂದಲೆಳೆಯಷ್ಟು ಸೀಳು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬಂದೇಅಲಿ ಚಪ್ಪಡಿಯನ್ನು ಎರಡು ಕಟ್ಟಿಗೆಯ ಮೇಲೆ ಇಟ್ಟು, ಸಣ್ಣ ಸುತ್ತಿಗೆಯಿಂದ ಟಣ್ ಎಂದು ಬಡಿದು ಕೇಳುತ್ತಾನೆ. ಗಂಟೆಯಂತೆ ನುಡಿದರೆ ಗಟ್ಟಿ, ಬದ್ದೆಂದರೆ ಖೊಟ್ಟಿ. ಅವನು ಪಾಸು ಮಾಡಿದ ಕಲ್ಲನ್ನು ಚಂದ್ರಾಮ ದಾರ ಹಿಡಿದು, ಮಟ್ಟ ನೋಡಿ, ಹಾಸುತ್ತಾನೆ.

ಕೆಲಸ ಇಬ್ಬರದು, ಹೆಸರು ಒಬ್ಬನದು. ಬಡಿಯುವುದು ನಾಲ್ಕು ಮಂದಿ ನಿಂತು ನೋಡುವ ಆಟ. ಮಟ್ಟ ಹಿಡಿಯುವುದನ್ನು ಯಾರು ನೋಡುತ್ತಾರೆ? ನೆಲ ಚೆನ್ನಾಗಿದ್ದರೆ ಜನ ಅದರ ಮೇಲೆ ನಡೆದು ಹೋಗುತ್ತಾರೆ, ಅಷ್ಟೇ. ಸೇಡಂದಿಂದ ಚಿಂಚೋಳಿಯ ಐನಾಪುರದವರೆಗೆ, ಮನೆ ಕಟ್ಟಿಸುವವರ ಬಾಯಲ್ಲಿ ಒಂದೇ ಮಾತು: “ಕಲ್ಲ ಕೇಳ್ಬೇಕಂದ್ರ ಬಂದೇಅಲಿನ್ನೇ ಕರೀಬೇಕು.” ಹೋದ ವರ್ಷ ಸೇಡಂದಲ್ಲಿ ಒಂದು ಮನೆಯ ವಾಸ್ತುಶಾಂತಿಯಲ್ಲಿ ಯಜಮಾನರು ಬಂದೇಅಲಿಗೆ ಜರಿಯ ರುಮಾಲು ಸುತ್ತಿದರು, ಚಂದ್ರಾಮನ ಹೆಗಲಿಗೆ ಒಂದು ಟಾವೆಲ್ ಹಾಕಿದರು. ಅದೂ ಬಣ್ಣ ಬಿಡುವ ಟಾವೆಲ್. ಅವನ ಹೆಂಡತಿ ಸಾಬಮ್ಮ ಅದನ್ನು ಒಂದೇ ಸಲ ಒಗೆದು, ಉಳಿದ ಬಟ್ಟೆಯೆಲ್ಲ ಗುಲಾಬಿಯಾದದ್ದನ್ನು ನೋಡಿ ಮೂರು ದಿನ ಒದರಾಡಿದ್ದಳು.

ಇನ್ನೊಂದು ಸಿಟ್ಟೂ ಇತ್ತು. ಕೆಲವು ವರ್ಷದಿಂದ ಬಂದೇಅಲಿ ಕಲ್ಲು ಬಡಿಯುವಾಗ ಚಂದ್ರಾಮ ತನ್ನ ಎದುರಿಗೇ ಕುಳಿತಿರಬೇಕೆಂದು ಹಟ ಹಿಡಿಯುತ್ತಿದ್ದ. “ಎದುರ ಕುಂದ್ರೋ ಭೈ, ನೀ ಎದುರಿದ್ರ ಬರಕತ್” ಎನ್ನುತ್ತಿದ್ದ. ತನ್ನ ಆಟಕ್ಕೆ ಪ್ರೇಕ್ಷಕ ಬೇಕು ಇವನಿಗೆ, ಎಂದು ಚಂದ್ರಾಮ ಒಳಗೇ ಹಲ್ಲು ಕಡಿಯುತ್ತಿದ್ದ. ಈಚೆಗೆ ಫೋನು ಮಾಡಿದರೂ ಎತ್ತುವುದಿಲ್ಲ. ದೊಡ್ಡ ಮನುಷ್ಯ ಆಗಿಬಿಟ್ಟಿದ್ದಾನೆ, ಸೊಕ್ಕು.

ಇವರನ್ನು ಬೆರ್ಗಾಮೊಕ್ಕೆ ಕರೆತಂದವಳು ಲುಂಬಿನಿ. ಚಿತ್ತಾಪುರದ ಹುಡುಗಿ, ಇಟಲಿಯಲ್ಲಿ ಕಟ್ಟಡ ಶಾಸ್ತ್ರ ಓದಿ ಬಂದು ಈಗ ಕಲಬುರಗಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಗುಡ್ಡದ ಮೇಲಿನ ಊರಿನವರು ಪ್ರತಿ ವರ್ಷ ಬೇರೆ ಬೇರೆ ದೇಶದ ಕಲ್ಲುಕೆಲಸದವರನ್ನು ಒಂದು ವಾರ ಕರೆಸುತ್ತಾರಂತೆ. ಈ ಸಲ ಹಳೆಯ ಮಠವೊಂದರ ಅಂಗಳದಲ್ಲಿ ಇವರಿಬ್ಬರೂ ಒಂದು ತುಂಡು ನೆಲ ಹಾಸಬೇಕು. ರೈಲಿನಿಂದ ಇಳಿಯುತ್ತಲೇ ಲುಂಬಿನಿ ಇನ್ನೊಂದು ಮಾತು ಹೇಳಿದಳು.

“ಮುಂದಿನ ಬ್ಯಾಸಿಗ್ಯಾಗ ಮೂರು ತಿಂಗಳ ಇಲ್ಲಿನ ಹುಡುಗರಿಗಿ ಕಲಸ್ಲಿಕ್ಕಿ ಒಬ್ಬರನ್ನ ಕರೀತಾರಂತ ಅಣ್ಣಾ. ಒಬ್ಬರನ್ನೇ. ಶನಿವಾರ ಕೆಲಸ ನೋಡಿ ಹೇಳ್ತಾರ.”

ಗುರು ಎನಿಸಿಕೊಳ್ಳುವುದು! ಐವತ್ಮೂರು ವರ್ಷದ ಚಂದ್ರಾಮನನ್ನು ಈವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಅವನು ಬಂದೇಅಲಿಯ ಕಡೆ ನೋಡಿದ. ಬಂದೇಅಲಿ ಏನೂ ಆಗದವನಂತೆ ನಗುತ್ತಿದ್ದ. ಅವನು ಎಲ್ಲದಕ್ಕೂ ನಗುತ್ತಿದ್ದ. ಅದೂ ಜನಕ್ಕೆ ಇಷ್ಟವಾಗುತ್ತಿತ್ತು.

ಊರು ಮಾತ್ರ ಚಂದವಿತ್ತು. ಇಬ್ಬರು ಎದುರಾದರೆ ಹೆಗಲು ತಾಗುವಂಥ ಓಣಿ, ಎರಡೂ ಕಡೆ ಕಲ್ಲಿನ ಮನೆಗಳು, ಒಂದು ಅಂಗಡಿಯ ಗಾಜಿನ ಹಿಂದೆ ಮೆಕ್ಕೆಜೋಳದ ಹಳದಿ ಮುದ್ದೆ ಹೊಗೆಯಾಡುತ್ತಿತ್ತು. ಅದನ್ನು ತಿಂದು ನೋಡಿ ಬಂದೇಅಲಿ, “ನಮ್ಮ ಜೋಳದ ನುಚ್ಚಿನ ಕಾಕಾನ ಮಗ ಇದ್ದಂಗ ಅದ” ಎಂದ. ಲುಂಬಿನಿ ಅದನ್ನು ಇಟಲಿಯವರಿಗೆ ಹೇಳಿದಳು, ಅವರು ಹೊಟ್ಟೆ ಹಿಡಿದು ನಕ್ಕರು. ಅದೇ ಮಾತು ಚಂದ್ರಾಮನ ನಾಲಿಗೆಯ ತುದಿಯಲ್ಲೂ ಇತ್ತು.

ಓಣಿ ದಾಟಿದರೆ ದೊಡ್ಡ ಚೌಕ. ನಡುವೆ ಸಿಂಹಗಳ ಕಾರಂಜಿ, ಒಂದು ಬದಿಗೆ ಎತ್ತರದ ಗಂಟೆಗೋಪುರ, ಕೆಳಗೆ ಇಟ್ಟಂಗಿ ಮತ್ತು ಬಿಳಿಕಲ್ಲಿನ ಪಟ್ಟಿಗಳ ನೆಲ. ಆ ನೆಲ ನೋಡಿದ್ದೇ ಚಂದ್ರಾಮ ಬೂಟು ಬಿಚ್ಚಿದ. ಹಾಸಿದ ನೆಲವನ್ನು ಕಣ್ಣು ಮುಚ್ಚಿ ಬರಿಗಾಲಲ್ಲಿ ನಡೆದು ನೋಡುವುದು ಅವನ ಅಪ್ಪ ಕಲಿಸಿದ ಪದ್ಧತಿ. ಮಟ್ಟದ ಕೋಲು ತಪ್ಪಿದ್ದನ್ನು ಅಂಗಾಲು ಹಿಡಿಯುತ್ತದೆ. ಕಾಫಿ ಕುಡಿಯುತ್ತ ಕುಳಿತ ಜನ ಕಪ್ಪು ಕೆಳಗಿಟ್ಟು ನೋಡುತ್ತಿರಲು, ಅವನು ಚೌಕದ ಈ ತುದಿಯಿಂದ ಆ ತುದಿಗೆ ಕಣ್ಣು ಮುಚ್ಚಿ ನಡೆದ. ಎಂಥ ಇಳಿಜಾರು! ಕಣ್ಣಿಗೆ ಕಾಣದು, ಆದರೆ ಬಿದ್ದ ಮಳೆ ಒಂದು ಹನಿಯೂ ನಿಲ್ಲದು. ಯಾವ ಕಾಲದ ಯಾವ ಗೌಂಡಿಯೋ ಏನೋ, ಚಂದ್ರಾಮನ ಕಣ್ಣಲ್ಲಿ ನೀರು ಬಂತು. ಇದನ್ನು ಹೇಳಿಯೇ ತೀರಬೇಕು ಎಂದು ಅವನು ಕಣ್ಣು ಬಿಟ್ಟು ತಿರುಗಿದ.

ಎಲ್ಲರೂ ಬಂದೇಅಲಿಯ ಸುತ್ತ ನಿಂತಿದ್ದರು. ಅವನು ಕಾರಂಜಿಯ ಮೆಟ್ಟಿಲನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ಚಂದ್ರಾಮ ಬೂಟು ಹಾಕಿಕೊಂಡ.

ಮರುದಿನ ಮಠದ ಅಂಗಳದಲ್ಲಿ ಪಿಯೆರೊ ಎಂಬ ಮುದುಕ ಗೌಂಡಿ ಇವರನ್ನು ಪರೀಕ್ಷೆಗೆ ಹಚ್ಚಿದ. ಹತ್ತು ಚಪ್ಪಡಿ ಸಾಲಾಗಿ ಇಟ್ಟಿದ್ದ, ಅವುಗಳಲ್ಲಿ ಖೊಟ್ಟಿ ಎಷ್ಟೆಂದು ಅವನೊಬ್ಬನಿಗೇ ಗೊತ್ತು. “ಚಂದ್ರಾಮ, ಎದುರ ಬಾ” ಎಂದ ಬಂದೇಅಲಿ. ಚಂದ್ರಾಮ ಹೋಗಿ ಕುಳಿತ. ಟಣ್, ಟಣ್, ಬದ್. ಬಂದೇಅಲಿ ತಲೆ ಎತ್ತಿ, ಒಂದು ಕ್ಷಣ ತಡೆದು, ಕಲ್ಲನ್ನು ಪಕ್ಕಕ್ಕೆ ಸರಿಸಿದ. ಹೀಗೆ ಎರಡನ್ನು ಸರಿಸಿದ. ಪಿಯೆರೊ ಎದ್ದು ಬಂದು ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಎರಡೇ ಇದ್ದವಂತೆ. ಚಪ್ಪಾಳೆಯೋ ಚಪ್ಪಾಳೆ.

ಸಂಜೆಗೆ ಸಾಬಮ್ಮನ ಫೋನು ಬಂತು. “ಏನ್ರೀ, ಬಂದೇಅಲಿ ಅಣ್ಣಾಂದು ವಿಡಿಯೋ ಇಡೀ ಓಣಿಗೇ ಬಂದದ! ಆ ಮುದುಕ ಗಲ್ಲಕ್ಕ ಮುತ್ತ ಕೊಡ್ಲಿಕತ್ತಾನ, ಅಣ್ಣಾನ ಹೆಂಡ್ತಿ ರಶೀದಾಬೇಗಂ ನಕ್ಕು ನಕ್ಕು ಸಾಕಾಗ್ಯಾಳ.”

“ನಾ ಕಾಣ್ಲಿಲ್ಲೇನು?”

“ಕಂಡ್ರಿ. ನಿಮ್ಮ ಮೊಣಕಾಲು.”

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಹೆಂಡತಿಗಿಂತ ಬೇರೆ ಯಾರು ಬೇಕು? ಆ ರಾತ್ರಿ ಊಟ ಸೇರಲಿಲ್ಲ. ಬಂದೇಅಲಿ ತನ್ನ ತಟ್ಟೆಯಲ್ಲಿದ್ದ ಹಣ್ಣನ್ನು ಸುಲಿದು ಇವನ ಮುಂದಿಟ್ಟ. ‘ದಾನ ಮಾಡ್ಲಿಕತ್ತಾನ’ ಎಂದುಕೊಂಡು ಚಂದ್ರಾಮ ಅದನ್ನು ಮುಟ್ಟಲಿಲ್ಲ.

ಗುರುವಾರ ಮಧ್ಯಾಹ್ನ ಇಬ್ಬರೂ ಚೌಕದಲ್ಲಿ, ಗೋಪುರಕ್ಕೆ ಬೆನ್ನು ಮಾಡಿ ಕುಳಿತು ಬ್ರೆಡ್ಡು ತಿನ್ನುತ್ತಿದ್ದರು. ಹನ್ನೆರಡಕ್ಕೆ ಸರಿಯಾಗಿ ಗೋಪುರದ ದೊಡ್ಡ ಗಂಟೆ ಬಾರಿಸಿತು. ಚಂದ್ರಾಮ ಕುಳಿತಲ್ಲೇ ಹಾರಿಬಿದ್ದ, ಕೈಯಲ್ಲಿದ್ದ ಬ್ರೆಡ್ಡು ನೆಲ ಕಂಡಿತು. ಪಾರಿವಾಳಗಳು ಭರ್ರನೆ ಎದ್ದವು, ಪಕ್ಕದಲ್ಲಿದ್ದ ಒಂದು ಕೂಸು ಕಿವಿ ಮುಚ್ಚಿಕೊಂಡು ಅಳತೊಡಗಿತು. ಬಂದೇಅಲಿ ಕಿತ್ತಳೆ ಸುಲಿಯುತ್ತಿದ್ದ. ಸಿಪ್ಪೆ ತುಂಡಾಗದಂತೆ ಸುಲಿಯುವುದು ಅವನ ಚಟ, ಅದರಲ್ಲೇ ಮುಳುಗಿದ್ದ. ಎರಡನೇ ಪೆಟ್ಟಿಗೂ ಅವನ ಕೈ ನಡುಗಲಿಲ್ಲ, ಮೂರನೆಯದಕ್ಕೂ ಇಲ್ಲ. ಪಾರಿವಾಳಗಳನ್ನು ಕಂಡ ಮೇಲೆ ತಲೆ ಎತ್ತಿ, “ಯಾಕ ಹಾರಿದ್ವು?” ಎಂದು ಕೇಳಿದ.

ಚಂದ್ರಾಮ ಬಿದ್ದ ಬ್ರೆಡ್ಡನ್ನು ಎತ್ತಿಕೊಂಡು ಅವನ ಕಿವಿಯನ್ನೇ ನೋಡಿದ. ಅಂಗಳಕ್ಕೆ ಮರಳಿದ ಮೇಲೆ, ಬಂದೇಅಲಿ ಬಗ್ಗಿದ್ದಾಗ ಅವನ ಬೆನ್ನ ಹಿಂದೆ ಕಬ್ಬಿಣದ ಬಕೆಟ್ಟನ್ನು ಕಲ್ಲಿನ ಮೇಲೆ ಎತ್ತಿಹಾಕಿದ. ಆ ಸದ್ದಿಗೆ ಪಿಯೆರೊ ಒಳಗಿನಿಂದ ಓಡಿಬಂದ. ಬಂದೇಅಲಿ ಬಗ್ಗಿದ್ದವನು ಬಗ್ಗಿಯೇ ಇದ್ದ.

ಏಳು ವರ್ಷದ ಹಿಂದೆ ಬಂದೇಅಲಿ ಎರಡು ಬೇಸಿಗೆ ತನ್ನ ತಮ್ಮ ಅಸದನ ಪಾಲಿಶ್ ಶೆಡ್ಡಿನಲ್ಲಿ, ಕಲ್ಲು ಕೊಯ್ಯುತ್ತ ಕಿವಿ ಕೊರೆಯುವ ಯಂತ್ರದ ಮುಂದೆ ನಿಂತಿದ್ದ. ಎದುರು ಕುಳಿತುಕೋ ಎನ್ನತೊಡಗಿದ್ದು ಅದರ ನಂತರ. ಫೋನು ಎತ್ತದೆ ಇರುವುದು ಅದರ ನಂತರ. ಎಲ್ಲದಕ್ಕೂ ನಗುವುದೂ ಅದರ ನಂತರವೇ. ಹಾಗಾದರೆ ಕಲ್ಲು ಹೇಗೆ ಕೇಳುತ್ತಾನೆ?

ಮತ್ತೆ ಕಲ್ಲು ಬಡಿಯಲು ಕುಳಿತಾಗ ಚಂದ್ರಾಮ ಎದುರೇ ಕುಳಿತ, ಆದರೆ ಬೂಟಿನ ಲೇಸು ಕಟ್ಟುವವನಂತೆ ತಲೆ ತಗ್ಗಿಸಿದ. ಟಣ್ ಎಂದಿತು ಕಲ್ಲು. ಬಂದೇಅಲಿ ಏನೂ ಹೇಳಲಿಲ್ಲ. ಮತ್ತೊಮ್ಮೆ ಬಡಿದ, ಕಾದ. ಮತ್ತೊಮ್ಮೆ ಬಡಿದ. ಚಂದ್ರಾಮ ಮೆಲ್ಲಗೆ ತಲೆ ಎತ್ತಿದ. ಬಂದೇಅಲಿಯ ಕಣ್ಣು ಅವನ ಮುಖದ ಮೇಲೇ ನೆಟ್ಟಿತ್ತು. ಮುಖ ಕಂಡಿದ್ದೇ, “ಗಟ್ಟಿ ಅದ” ಎಂದು ಕಲ್ಲು ದಾಟಿಸಿದ.

ಚಂದ್ರಾಮನಿಗೆ ಎಲ್ಲವೂ ತಿಳಿಯಿತು. ಕಲ್ಲು ಬದ್ದೆಂದಾಗ ತನ್ನ ಮುಖ ತಾನಾಗಿ ಕಿವುಚುತ್ತದೆ, ಟಣ್ಣೆಂದಾಗ ಸಡಿಲವಾಗುತ್ತದೆ. ಅಪ್ಪನೂ ಹಾಗೇ ಮಾಡುತ್ತಿದ್ದ. ಏಳು ವರ್ಷದಿಂದ ಬಂದೇಅಲಿ ಕೇಳಿದ್ದು ಕಲ್ಲನ್ನಲ್ಲ, ಚಂದ್ರಾಮನ ಮುಖವನ್ನು ಓದಿದ್ದ. ಊರೆಲ್ಲ ಹೊಗಳಿದ ಆ ಕಿವಿ ಚಂದ್ರಾಮನದು!

ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. ಜರಿಯ ರುಮಾಲು ನನ್ನದು, ಎಂದು ಅವನ ಎದೆ ಒದರಿತು. ಮುದುಕನ ಮುತ್ತು ನನ್ನದು, ವಿಡಿಯೋ ನನ್ನದು, ಚಪ್ಪಾಳೆ ನನ್ನದು. ಏಳು ವರ್ಷ ನನ್ನ ಮಾರಿ ಕದ್ದು ತಿಂದಿದ್ದಾನೆ! ಲುಂಬಿನಿಗೆ ಹೇಳಿಬಿಡಲೆಂದು ಎರಡು ಸಲ ಅವಳ ಬಳಿ ಹೋದ, ಎರಡು ಸಲವೂ ನೀರು ಕೇಳಿ ಕುಡಿದು ಬಂದ. ಹೇಳಿದರೆ ಏನಾಗುತ್ತದೆ? ಅಯ್ಯೋ ಪಾಪ, ಕಿವುಡ, ಆದರೂ ಎಂಥ ಜಾಣ ಎಂದು ಮತ್ತಿಷ್ಟು ಹೊಗಳುತ್ತಾರೆ. ಇವನ ನಸೀಬಿಗೆ ಕಿವುಡೂ ಒಂದು ಪದಕವಾಗುತ್ತದೆ. ಬೇಡ. ಶನಿವಾರ ಬರಲಿ.

ಶನಿವಾರ ಅಂಗಳದ ತುಂಬ ಜನ. ಹದಿನಾಲ್ಕು ಚಪ್ಪಡಿ. ಚಂದ್ರಾಮ ಮುಖ ತೊಳೆದು, ಕೂದಲು ಬಾಚಿ, ಮದುಮಗನಂತೆ ಬಂದು ಎದುರು ಕುಳಿತ. ಮೊದಲ ಎಂಟು ಕಲ್ಲಿಗೆ ಸುಮ್ಮನಿದ್ದ. ಗಟ್ಟಿ ಇದ್ದದ್ದು ಗಟ್ಟಿ ಎನಿಸಿಕೊಂಡಿತು, ಖೊಟ್ಟಿ ಇದ್ದ ಒಂದು ಪಕ್ಕಕ್ಕೆ ಹೋಯಿತು.

ಒಂಬತ್ತನೆಯದು ಬದ್ದೆಂದಿತು. ಸಣ್ಣ ಸದ್ದು, ಬಡಿದವನ ಬಳಿ ಕುಳಿತವನಿಗೆ ಮಾತ್ರ ತಿಳಿಯುವಂಥದು. ಚಂದ್ರಾಮನ ಮುಖ ಕಿವುಚಲು ಹೊರಟಿತು, ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಆಮೇಲೆ ಸಾವಕಾಶ ನಕ್ಕ. ತಲೆಯನ್ನು ಕೂಡ ಆಡಿಸಿದ.

ಬಂದೇಅಲಿ ತಡೆದ. ಅಂಗೈಯನ್ನು ಕಲ್ಲಿನ ಮೇಲೆ ಇಟ್ಟು ಇನ್ನೊಮ್ಮೆ ಬಡಿದ, ಇನ್ನೊಮ್ಮೆ ಚಂದ್ರಾಮನ ಮುಖ ನೋಡಿದ. ಚಂದ್ರಾಮ ಇನ್ನೂ ನಗುತ್ತಿದ್ದ. “ಗಟ್ಟಿ ಅದ” ಎಂದ ಬಂದೇಅಲಿ.

ಆ ಕಲ್ಲನ್ನು ಚಂದ್ರಾಮನೇ ತನ್ನ ಕೈಯಿಂದ ಹಾಸಿದ, ದಾರ ಹಿಡಿದು, ಮಟ್ಟ ನೋಡಿ. ಜನ್ಮದಲ್ಲಿ ಮೊದಲ ಸಲ ಖೊಟ್ಟಿ ಎಂದು ಗೊತ್ತಿದ್ದೂ ಒಂದು ಕಲ್ಲನ್ನು ನೆಲಕ್ಕೆ ಕೂಡಿಸಿದ್ದ. ಪಿಯೆರೊ ಮರದ ಕೊಡತಿ ಹಿಡಿದು, ಹಾಸಿದಷ್ಟನ್ನು ಬಡಿದು ಕೂಡಿಸುತ್ತ ಬಂದ. ಒಂಬತ್ತನೆಯದರ ಮೇಲೆ ಎರಡನೇ ಪೆಟ್ಟು ಬಿದ್ದಾಗ ಕಲ್ಲು ಈ ಮೂಲೆಯಿಂದ ಆ ಮೂಲೆಗೆ ಸೀಳಿತು.

ಬಂದೇಅಲಿ ಬೆನ್ನು ತಿರುಗಿಸಿ ಹತ್ತನೆಯ ಕಲ್ಲನ್ನು ಎತ್ತುತ್ತಿದ್ದ, ಅವನಿಗೆ ಗೊತ್ತೇ ಆಗಲಿಲ್ಲ. ತಿರುಗಿ ಜನರ ಮುಖ ನೋಡಿದ, ಆಮೇಲೆ ನೆಲ ನೋಡಿದ. ಸೀಳಿದ ಕಲ್ಲಿನ ಮುಂದೆ ಮೊಣಕಾಲೂರಿ, ಬಿರುಕಿನ ಉದ್ದಕ್ಕೂ ಬೆರಳು ಆಡಿಸಿದ. ಅವನ ಮುಖದ ನಗು ಇಲ್ಲವಾಗಿತ್ತು. ಲುಂಬಿನಿ ಏನೋ ಕೇಳಿದಳು. ಅವನು ಸುತ್ತಿಗೆಯನ್ನು ಎತ್ತಿ ಚಂದ್ರಾಮನ ಕೈಗೆ ಕೊಟ್ಟ.

“ನನಗ ಸಾಕಾತು. ಉಳಿದಿದ್ದು ನೀ ಕೇಳು.”

ಚಂದ್ರಾಮ ಕೇಳಿದ. ಐದು ಕಲ್ಲಿನಲ್ಲಿ ಒಂದನ್ನು ಖೊಟ್ಟಿ ಎಂದು ಸರಿಸಿದ. ಪಿಯೆರೊ ಅದನ್ನು ಒಡೆದು ನೋಡಿದ, ಒಳಗೆ ಸೀಳು ಇತ್ತು. ಸೀಳಿದ ಒಂಬತ್ತನೆಯದನ್ನು ಕಿತ್ತು ಬೇರೆ ಕಲ್ಲು ಕೂಡಿಸಿ ನೆಲ ಮುಗಿಸಿದಾಗ ಮುದುಕ ಬೂಟು ಬಿಚ್ಚಿ ಅದರ ಮೇಲೆ ಕಣ್ಣು ಮುಚ್ಚಿ ನಡೆದ. ಆಮೇಲೆ ಬಂದು ಚಂದ್ರಾಮನ ಎರಡೂ ಕೈ ಹಿಡಿದುಕೊಂಡ. ಲುಂಬಿನಿಯ ಕಣ್ಣುಗಳು ಹೊಳೆಯುತ್ತಿದ್ದವು.

“ಚಂದ್ರಾಮಣ್ಣಾ, ಮುಂದಿನ ವರ್ಷ ನೀವೇ ಬರ್ಬೇಕಂತ! ಮೂರು ತಿಂಗಳ!”

ಚಪ್ಪಾಳೆ ಎದ್ದಿತು. ಮೂವತ್ತೊಂದು ವರ್ಷ ಕಾದ ಚಪ್ಪಾಳೆ. ಚಂದ್ರಾಮನಿಗೆ ಒಳ್ಳೆಯದೇ ಅನಿಸಿತು, ಸುಳ್ಳೇಕೆ ಹೇಳಬೇಕು? ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದ ಕೈಗಳು ಯಾರವೆಂದು ನೋಡುವವರೆಗೆ ಒಳ್ಳೆಯದೇ ಅನಿಸಿತು. ಅವು ಬಂದೇಅಲಿಯ ಕೈಗಳು.

ಸಂಜೆ ಬಿಸಿಲು ಇನ್ನೂ ಇತ್ತು. ಇಬ್ಬರೂ ಊರಿನ ಸುತ್ತಲಿನ ಹಳೆಯ ಕೋಟೆಗೋಡೆಯ ಮೇಲೆ ಕುಳಿತಿದ್ದರು. ಕೆಳಗೆ ಹೊಸ ಊರು, ಅದರಾಚೆ ಬಯಲು. ಬಂದೇಅಲಿ ಪಕ್ಕಕ್ಕೆ ಕೂರದೆ, ಗೋಡೆಯ ಮೇಲೆ ಕಾಲು ಮಡಚಿ ಎದುರಿಗೇ ಕುಳಿತ.

“ನಿಂಗ ಶುಕ್ರಿಯಾ ಹೇಳ್ಬೇಕಂತ ಏಳು ವರ್ಷ ಆತು ನೋಡು,” ಎಂದ. “ನಾಚಿಕಿ ಆಗ್ತಿತ್ತು. ನನ್ನ ಕಿವಿ ಹೋಗ್ಯಾವ ಅಂತ ನಿಂಗೊಬ್ಬಂಗೇ ಗೊತ್ತು. ಗೊತ್ತಿದ್ದೂ ಒಂದ ಸಲ ಬಾಯಿ ಬಿಡ್ಲಿಲ್ಲ ನೀ. ದಿನಾ ಬಂದು ಎದುರ ಕುಂತಿ, ಮಾರಿ ಕೊಟ್ಟಿ. ಸೇಡಂದಾಗ ನಂಗ ರುಮಾಲ ಸುತ್ತಿದ್ರ, ನೀ ಸುಮ್ಮನ ಟಾವೆಲ್ ಹಾಕ್ಕೊಂಡ ಕುಂತಿ. ನನ್ನ ಖಾಸ ತಮ್ಮ ಅಸದ ಸುದ್ದಾ ಇಷ್ಟ ಮಾಡ್ತಿರ್ಲಿಲ್ಲ. ರಶೀದಾಗ ಹೇಳ್ತಿರ್ತೀನಿ, ನನ್ನ ಮನಿ ಒಲಿ ಚಂದ್ರಾಮನ ಮಾರಿ ಮ್ಯಾಲ ಉರೀತದ ಅಂತ.”

ತನಗೆ ಗುರುವಾರದವರೆಗೆ ಏನೂ ಗೊತ್ತಿರಲಿಲ್ಲ ಎಂದು ಚಂದ್ರಾಮ ಹೇಳಬಹುದಿತ್ತು. ಆದರೆ ಗುರುವಾರ ಎಂದರೆ ಶನಿವಾರದ ಮಾತೂ ಬರುತ್ತದೆ.

“ಇವತ್ತ ನಿನ್ನ ಹೆಸರ ತೊಗೊಂಡ್ರಲ್ಲ, ನಂಗ ಭಾಳ ಹಗರಾತು. ಖುದಾ ಕಸಂ. ಆದ್ರ ಒಂದ ಕೇಳ್ತೀನಿ.” ಬಂದೇಅಲಿ ತನ್ನ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡ. “ಆ ಒಂಬತ್ತನೇ ಕಲ್ಲ ನನ್ನ ಕೈಗಿ ಖೊಟ್ಟಿ ಅನಿಸಿತ್ತು. ಗಟ್ಟಿ ಕಲ್ಲ ಅಂಗೈಗಿ ಝುಂ ಅಂತದ, ಅದು ಅನ್ಲಿಲ್ಲ. ಸರಸ್ಬೇಕಂತಿದ್ದೆ. ನಿನ್ನ ಮಾರಿ ನೋಡಿದೆ, ನೀ ನಗ್ಲಿಕತ್ತಿದ್ದಿ. ನನ್ನ ಕೈ ಬಿಟ್ಟು ನಿನ್ನ ಮಾರಿ ನಂಬಿದೆ. ಖರೇ ಹೇಳು, ಅದು ಹ್ಯಾಂಗ ನುಡೀತು?”

“ಛಲೋನೇ ನುಡೀತು” ಎಂದ ಚಂದ್ರಾಮ. “ಒಳಗ ಎಲ್ಲೋ ಸೀಳ ಇತ್ತೇನೋ. ನಂಗೂ ತಿಳೀಲಿಲ್ಲ.”

ಬಂದೇಅಲಿಗೆ ಆ ಮಾತು ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅವನು ತುಟಿಗಳನ್ನು ನೋಡಲಿಲ್ಲ, ಇಡೀ ಮುಖವನ್ನು ನೋಡುತ್ತಿದ್ದ. ಏಳು ವರ್ಷ ದಿನಕ್ಕೆ ನೂರು ಸಲ ಓದಿದ ಮುಖ. ಚಂದ್ರಾಮ ಬೆಳಿಗ್ಗೆಯಂತೆ ನಗಲು ನೋಡಿದ. ಕೆನ್ನೆ ಮಾತು ಕೇಳಲಿಲ್ಲ, ಹುಬ್ಬು ತಾನಾಗಿ ಒಂದಾಯಿತು, ಬಾಯಿಯ ಮೂಲೆ ಕೆಳಗೆ ಇಳಿಯಿತು. ತಡೆಯಲು ಹೋದಷ್ಟೂ ಕಿವುಚಿತು.

ಬಂದೇಅಲಿ ಬಹಳ ಹೊತ್ತು ನೋಡಿದ. ಗೋಡೆಯಿಂದ ಇಳಿದು, ಪೈಜಾಮದ ಧೂಳು ಕೊಡವಿಕೊಂಡು, ರೈಲಿನ ನಿಲ್ದಾಣದ ಕಡೆ ನಡೆಯತೊಡಗಿದ.

“ಬಂದೇಅಲೀ!” ಎಂದು ಚಂದ್ರಾಮ ಕೂಗಿದ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. “ಏ ಬಂದೇಅಲೀ, ನಿಂದ್ರೋ!” ಎಂದು ಮತ್ತೆ ಕೂಗಿದ. ಮರದ ಕೆಳಗೆ ಮಲಗಿದ್ದ ನಾಯಿ ತಲೆ ಎತ್ತಿತು. ಬಂದೇಅಲಿ ತನ್ನ ಪಾಡಿಗೆ ನಡೆಯುತ್ತಿದ್ದ. ಅವನನ್ನು ನಿಲ್ಲಿಸಬೇಕಾದರೆ ಓಡಿಹೋಗಿ ಎದುರಿಗೆ ನಿಂತು ಮುಖ ತೋರಿಸಬೇಕಿತ್ತು. ಚಂದ್ರಾಮ ಕುಳಿತಲ್ಲಿಂದ ಏಳಲಿಲ್ಲ.